ಇಪ್ಪತ್ತೊಂಬತ್ತನೆಯ ಚೀಟಿ

ಧಾರವಾಡ
6 ನವೆಂಬರ್ 2024

ಪ್ರೀತಿಯ ಸುಗಂಧಾ ಅತ್ಯಾ,

ಜೈ ಜಿನೇಂದ್ರ. ಫೋನ್ ಬಿಟ್ಟು ಪತ್ರ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡಿ. ಹೋದ ಭಾನುವಾರ ನಾನು ಕೂಗಿದ್ದು ನಿಮಗೆ ಕೇಳಲಿಲ್ಲ. ಆದರೆ ನೀವು ಸ್ಪೀಕರ್ ಹಾಕಿದ್ದರಿಂದ ಅಕ್ಕೋಳದ ಅರ್ಧ ಓಣಿಗೆ ಕೇಳಿತು. ಮರುದಿನ ಅಪ್ಪ ರಾಯಬಾಗದಿಂದ ಫೋನ್ ಮಾಡಿ, "ಏನವಾ, ನಿಮ್ಮ ಅತ್ಯಾನ ಬೀಪಿ ಊರಿಗೆಲ್ಲಾ ಡಂಗುರಾ ಸಾರೀಯಂತ?" ಎಂದು ಕೇಳಿದರು. ಆರೋಗ್ಯದ ಮಾತು ಕೂಗಿ ಆಡುವಂಥದ್ದಲ್ಲ. ಇನ್ನು ಮೇಲೆ ಪತ್ರವೇ ಸರಿ.

ನಿಮ್ಮಿಂದ ಒಂದು ಸಹಾಯ ಬೇಕು. ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಕೊನೆಯ ವರ್ಷದಲ್ಲಿ ನಾನು ಆರೋಗ್ಯ ಮಾಹಿತಿಯನ್ನು ವಿಶೇಷ ವಿಷಯವಾಗಿ ಆರಿಸಿಕೊಂಡಿದ್ದೇನೆ. ಅದರ ಮೇಲೆ ಒಂದು ವರದಿ ಬರೆಯಬೇಕು. ಹಳ್ಳಿಯ ಗ್ರಂಥಾಲಯಕ್ಕೆ ಪೇಪರ್ ಓದಲು ಬರುವ ಜನ ತಮ್ಮ ಕಾಯಿಲೆ, ಗುಳಿಗೆಗಳ ಬಗ್ಗೆಯೂ ಕೇಳಲು ಬರುತ್ತಾರೆಯೇ, ಬಂದರೆ ಏನು ಕೇಳುತ್ತಾರೆ ಎಂಬುದು ನನ್ನ ವಿಷಯ. ನಮ್ಮ ಉಜ್ವಲಾ ಮೇಡಂ, "ಯಾವ ಊರು?" ಎಂದಾಗ ನಾನು ಯೋಚಿಸದೆ ಅಕ್ಕೋಳ ಎಂದೆ. ಇಪ್ಪತ್ತೆರಡು ವರ್ಷದಿಂದ ಪಂಚಾಯಿತಿ ಗ್ರಂಥಾಲಯ ನಡೆಸುತ್ತಿರುವ ಅತ್ಯಾ ಇರುವಾಗ ಬೇರೆ ಊರೇಕೆ?

ಪಾರ್ಸಲ್ಲಿನಲ್ಲಿ ಒಂದು ಡಬ್ಬಿ, ಖಾಲಿ ಚೀಟಿಗಳು, ಸರ್ಕಾರಿ ಆರೋಗ್ಯ ಕರಪತ್ರಗಳ ಒಂದು ಕಟ್ಟು ಇವೆ. ಜನ ತಮ್ಮ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಲಿ. ನೀವು ಅದನ್ನು ನನಗೆ ಕಳಿಸಿ. ನಾನು ನಂಬಬಹುದಾದ ಮೂಲದಿಂದ ಉತ್ತರ ಹುಡುಕಿ, ಸುಲಭವಾಗಿ ಬರೆದು ಕಳಿಸುತ್ತೇನೆ. ಯಾರ ಹೆಸರನ್ನೂ ಕೇಳಬಾರದು. ಯಾವ ಗುಳಿಗೆ ತಗೊಳ್ಳಿ, ಯಾವುದು ಬಿಡಿ ಎಂದು ನಾವಿಬ್ಬರೂ ಹೇಳಬಾರದು. ಅದು ಡಾಕ್ಟರ ಕೆಲಸ.

ಫೆಬ್ರವರಿ 28ರೊಳಗೆ ಐವತ್ತು ಪ್ರಶ್ನೆಗಳು ಬೇಕು. ಬರದಿದ್ದರೆ ನನ್ನ ವರದಿ ಮುಂದಿನ ವರ್ಷಕ್ಕೆ ಹೋಗುತ್ತದೆ, ಪದವಿಯೂ ಅದರ ಹಿಂದೆ.

ನಿಮ್ಮ ಬೀಪಿ ಗುಳಿಗೆ ಬೆಳಿಗ್ಗೆ ಒಂದು, ರಾತ್ರಿ ಒಂದು, ಸರಿಯಾಗಿ ನಡೆದಿವೆಯಲ್ಲ?

ನಿಮ್ಮ
ತ್ರಿಶಲಾ


ಅಕ್ಕೋಳ
18 ನವೆಂಬರ್ 2024

ಚಿ. ತ್ರಿಶಲಾಳಿಗೆ,

ಆಶೀರ್ವಾದ. ಡಬ್ಬಿ ಒಡೆಯದೆ ಬಂದು ಮುಟ್ಟಿತು. 11ನೇ ತಾರೀಖು ಸೋಮವಾರ ಬೆಳಿಗ್ಗೆ ಎಂಟಕ್ಕೆ ಗ್ರಂಥಾಲಯದಲ್ಲಿ ಇಟ್ಟೆ. ಎಲ್ಲರಿಗೂ ಕಾಣಲಿ ಎಂದು ಪೇಪರಿನ ಮೇಜಿನ ನಡುವೆಯೇ ಇಟ್ಟಿದ್ದೇನೆ. ಪಕ್ಕದಲ್ಲಿ ಹೊಸ ರಜಿಸ್ಟರ್ ಒಂದನ್ನು ತೆರೆದಿದ್ದೇನೆ. ಚೀಟಿ ಹಾಕುವವರು ಅದರಲ್ಲಿ ಕ್ರಮಸಂಖ್ಯೆ, ತಾರೀಖು, ವೇಳೆ ಬರೆದು ಸಹಿ ಮಾಡಬೇಕು. ನೀನು ಹೆಸರು ಬೇಡ ಎಂದಿದ್ದೀಯ, ಆದ್ದರಿಂದ ಹೆಸರಿನ ಕಾಲಂ ಹಾಕಿಲ್ಲ. ಸಹಿ ಮಾತ್ರ.

ಇಂದಿಗೆ ಎಂಟು ದಿನ. ಬಂದ ಚೀಟಿ ಒಂದು. ಅದರಲ್ಲಿ ಹೀಗಿದೆ: "ಈ ಡಬ್ಬಿ ಯಾರದು? ಇಲೆಕ್ಷನ್ ಮತ್ತ ಬಂತೇನ?"

ಇದನ್ನು ಬರೆದವನು ಲಗಮಪ್ಪ. ಸಹಿ ಇದೆ. ನಿನಗೆ ಅವನು ಗೊತ್ತಲ್ಲ, ದಿನಾ ಬಾಗಿಲು ತೆಗೆಯುವ ಮುಂಚೆ ಬಂದು ಕಟ್ಟೆಯ ಮೇಲೆ ಕೂತಿರುತ್ತಾನೆ, ಪೇಪರಿನ ಮುದ್ರಕರ ಹೆಸರಿನವರೆಗೆ ಓದಿ ಹೋಗುತ್ತಾನೆ. ನಾನು ಡಬ್ಬಿಯ ಉದ್ದೇಶ ವಿವರಿಸಿದೆ. ಅವನು, "ಅಕ್ಕಾರ, ನನಗ ಏನಾಗೇತಿ ಅನ್ನೂದು ನನ್ನ ಹೇಂತಿಗೇ ಹೇಳಿಲ್ರಿ. ಇದಕ್ಕ ಸಹಿ ಮಾಡಿ ಕೊಡ್ಲೇನು?" ಎಂದು ಪೇಪರ್ ಮಡಚಿ ಎದ್ದು ಹೋದ.

ಕರಪತ್ರಗಳನ್ನು ಗೋಡೆಗೆ ಹಚ್ಚಿದ್ದೇನೆ. ಅಕ್ಷರ ಸಣ್ಣವು.

ಹಾಸ್ಟೆಲಿನಲ್ಲಿ ರಾತ್ರಿ ಊಟ ಎಷ್ಟು ಗಂಟೆಗೆ ಕೊಡುತ್ತಾರೆ? ಹೊತ್ತು ಮುಳುಗುವುದರೊಳಗೆ ಮುಗಿಯುತ್ತದೆಯೇ? ಮನೆತನದ ರೂಢಿ ಬಿಟ್ಟಿಲ್ಲ ತಾನೆ?

ನನ್ನ ಗುಳಿಗೆಯ ಬಗ್ಗೆ ಕೇಳಿದ್ದೆ. ಬೆಳಗಿನದು ಒಂದು ದಿನವೂ ತಪ್ಪಿಲ್ಲ.

ಸುಗಂಧಾ ಅತ್ಯಾ


ಧಾರವಾಡ
26 ನವೆಂಬರ್ 2024

ಪ್ರೀತಿಯ ಅತ್ಯಾ,

ರಜಿಸ್ಟರ್ ಬೇಡ! ಕೈ ಮುಗಿಯುತ್ತೇನೆ, ಸಹಿಯೂ ಬೇಡ. ಸಹಿ ಎಂದರೆ ಹೆಸರೇ ಅಲ್ಲವೇ?

ಡಬ್ಬಿಯನ್ನು ಪೇಪರಿನ ಮೇಜಿನಿಂದ ತೆಗೆಯಿರಿ. ಗಂಡಸರು ಸುತ್ತ ಕೂತಿರುವಾಗ ಯಾವ ಹೆಣ್ಣುಮಗಳು ನಡುವೆ ಕೈ ಚಾಚಿ ಚೀಟಿ ಹಾಕುತ್ತಾಳೆ? ಹಿಂದಿನ ಕೋಣೆಯಲ್ಲಿ ಮಕ್ಕಳ ಪುಸ್ತಕದ ಕಪಾಟು ಇದೆಯಲ್ಲ, ಅದರ ಪಕ್ಕ ಇಡಿ. ಮಕ್ಕಳನ್ನು ಕರೆಯಲು ತಾಯಂದಿರು ಅಲ್ಲಿಗೆ ಬರುತ್ತಾರೆ.

ನಮ್ಮ ತರಗತಿಯಲ್ಲಿ ಮೊದಲು ಹೇಳಿಕೊಟ್ಟ ಪಾಠ ಇದು: ಓದುಗ ಬಾಯಿಬಿಟ್ಟು ಕೇಳುವ ಮೊದಲ ಪ್ರಶ್ನೆ ಅವನಿಗೆ ನಿಜವಾಗಿ ಬೇಕಾದ ಪ್ರಶ್ನೆ ಆಗಿರುವುದಿಲ್ಲ. "ಹೃದಯದ ಬಗ್ಗೆ ಪುಸ್ತಕ ಐತೇನ್ರಿ?" ಎಂದು ಕೇಳಿದವನಿಗೆ ಬೇಕಾಗಿರುವುದು, ನಿನ್ನೆ ಅಪ್ಪನಿಗೆ ಎದೆ ಹಿಡಿದಾಗ ಯಾವ ಆಸ್ಪತ್ರೆಗೆ ಓಡಬೇಕಿತ್ತು ಎಂಬುದು. ನಾವು ತಾಳ್ಮೆಯಿಂದ ಕೇಳುತ್ತ ಹೋದರೆ ನಿಜವಾದ ಪ್ರಶ್ನೆ ತಾನಾಗಿ ಹೊರಗೆ ಬರುತ್ತದಂತೆ. ಮೇಡಂ ಇದನ್ನು ಹೇಳಿದಾಗ ನನಗೆ ನಿಮ್ಮ ನೆನಪಾಯಿತು. ನೀವು ಕೇಳುವವರಿಗಿಂತ ಹೆಚ್ಚು ಹೇಳುವವರು! ಸಿಟ್ಟು ಮಾಡಬೇಡಿ.

ನನ್ನ ಜತೆಯವರು ಕೆಲಸ ಶುರು ಮಾಡಿಯಾಗಿದೆ. ರೋಹನ ಕಾಗವಾಡದ ಒಂದು ಶಾಲೆಯಿಂದ ಮೂವತ್ತೆಂಟು ಪ್ರಶ್ನೆ ತಂದಿದ್ದಾನೆ. ನನ್ನನ್ನು ಎಲ್ಲರೂ "ಖಾಲಿ ಡಬ್ಬಿ" ಎಂದು ಕರೆಯತೊಡಗಿದ್ದಾರೆ. ನಗುತ್ತೇನೆ, ಆದರೆ ಎಷ್ಟು ದಿನ ನಗಲಿ? ಹೇಗಾದರೂ ಡಬ್ಬಿ ತುಂಬುವ ಹಾಗೆ ನೋಡಿ ಅತ್ಯಾ.

ಹಾಸ್ಟೆಲಿನ ಊಟ ಚೆನ್ನಾಗಿದೆ. ರೊಟ್ಟಿ ಮೆತ್ತಗಿರುತ್ತವೆ.

ನಿಮ್ಮ
ತ್ರಿಶಲಾ


ಅಕ್ಕೋಳ
19 ಡಿಸೆಂಬರ್ 2024

ಚಿ. ತ್ರಿಶಲಾಳಿಗೆ,

ಆಶೀರ್ವಾದ. ನಿನ್ನ ಸಹಪಾಠಿಗಳಿಗೆ ಹೇಳು, ಡಬ್ಬಿ ತುಂಬಿತು.

ಇದರೊಂದಿಗೆ ನಲವತ್ಮೂರು ಚೀಟಿಗಳಿವೆ. ಕ್ರಮಸಂಖ್ಯೆ ಹಾಕಿದ್ದೇನೆ. ಅಷ್ಟಕ್ಕೆ ನಿನ್ನ ತಕರಾರು ಇರಲಾರದು. ನೀನು ಹೇಳಿದಂತೆ ಡಬ್ಬಿಯನ್ನು ಹಿಂದಿನ ಕೋಣೆಗೆ ಸಾಗಿಸಿದೆ, ರಜಿಸ್ಟರ್ ಮುಚ್ಚಿದೆ. ಜನ ಸಾಲುಸಾಲಾಗಿ ಬಂದರು. ಮಾದರಿಗೆ ಕೆಲವನ್ನು ಇಲ್ಲಿಯೇ ಬರೆಯುತ್ತೇನೆ.

1. ಮಧುಮೇಹ ಎಂದರೇನು? ಅದರ ಲಕ್ಷಣಗಳಾವುವು?
2. ಸಮತೋಲಿತ ಆಹಾರದ ಮಹತ್ವವನ್ನು ತಿಳಿಸಿರಿ.
3. ರಕ್ತಹೀನತೆಯನ್ನು ತಡೆಗಟ್ಟುವ ಕ್ರಮಗಳಾವುವು?

ಉಳಿದವೂ ಹೀಗೆಯೇ ಉತ್ತಮ ಪ್ರಶ್ನೆಗಳು. ಅಕ್ಕೋಳದ ಜನರ ಬಗ್ಗೆ ನಿನ್ನ ಮೇಡಂಗೆ ಒಳ್ಳೆಯ ಅಭಿಪ್ರಾಯ ಬರಬಹುದು. ಇನ್ನು ಏಳು ಬಂದರೆ ಐವತ್ತು.

ಇಲ್ಲಿ ಕಬ್ಬಿನ ಟ್ರ್ಯಾಕ್ಟರುಗಳಿಂದ ರಸ್ತೆ ದಾಟುವುದೇ ಕಷ್ಟ. ಉಳಿದಂತೆ ಎಲ್ಲ ಕ್ಷೇಮ. ಸ್ವಲ್ಪ ತಲೆನೋವು ಇರುತ್ತದೆ, ಟ್ರ್ಯಾಕ್ಟರಿನವರ ಹಾಡಿನ ಸದ್ದಿಗೆ ಇರಬಹುದು. ಬಲಗಿವಿ ಕೇಳದಿದ್ದರೂ ಅವರ ಹಾಡು ಮಾತ್ರ ಕೇಳುತ್ತದೆ.

ಸುಗಂಧಾ ಅತ್ಯಾ


ಧಾರವಾಡ
2 ಜನವರಿ 2025

ಪ್ರೀತಿಯ ಅತ್ಯಾ,

ಲಕೋಟೆ ಬಿಚ್ಚಿದಾಗ ನಾನು ಹಾಸ್ಟೆಲ್ ವರಾಂಡದಲ್ಲಿ ಕುಣಿದೆ. ಚೀಟಿಗಳನ್ನು ತೆಗೆದುಕೊಂಡು ಮೇಡಂ ಹತ್ತಿರ ಓಡಿದೆ. ಅವರು ಅಥಣಿಯವರು. ಹತ್ತು ಚೀಟಿ ಓದಿ ಕನ್ನಡಕ ತೆಗೆದರು.

"ತ್ರಿಶಲಾ, ನಿಮ್ಮ ಊರಾಗ ಸಕ್ಕರಿ ಬ್ಯಾನಿಗೆ ಏನಂತಾರ?"

"ಸಕ್ಕರಿ ಬ್ಯಾನಿ ಅಂತಾರ್ರಿ ಮೇಡಂ."

"ಮತ್ತ ಇಲ್ಲಿ ಎಲ್ಲಾರೂ ಮಧುಮೇಹ ಅಂದಾರಲ್ಲವಾ? ಇವು ಪ್ರಶ್ನಿ ಅಲ್ಲ, ಪ್ರಶ್ನಪತ್ರಿಕಿ. ಐದು ಅಂಕಕ್ಕ ಬರೀಬೇಕೇನು, ಹತ್ತಕ್ಕ?"

ನಾನು ನಿಮ್ಮ ಪರ ಮಾತಾಡಿದೆ. ನಮ್ಮ ಅತ್ಯಾಗೆ ತಪ್ಪು ಕನ್ನಡ ಕಂಡರೆ ಆಗುವುದಿಲ್ಲ, ಜನ ಬರೆದದ್ದನ್ನು ಶುದ್ಧ ಮಾಡಿ ಪ್ರತಿ ತೆಗೆದಿರಬೇಕು, ಮೂಲ ಚೀಟಿಗಳು ಅವರ ಹತ್ತಿರ ಇರುತ್ತವೆ ಎಂದೆ. ಹಾಗೆಯೇ ಅಲ್ಲವೇ? ದಯವಿಟ್ಟು ಆ ಮೂಲ ಚೀಟಿಗಳನ್ನು ಕಳಿಸಿ. ಅಕ್ಷರ ವಕ್ರವಾಗಿದ್ದರೂ ನಡೆಯುತ್ತದೆ. ಅವರ ಮಾತೇ ನನಗೆ ಬೇಕು.

ಒಂದು ಚೀಟಿಯನ್ನು ಮಾತ್ರ ನೀವು ತಿದ್ದಿಲ್ಲ. ಇಪ್ಪತ್ತೊಂಬತ್ತನೆಯದು. "ಹೊತ್ತು ಮುಳುಗಿದ ಮ್ಯಾಲ ನೀರು ಸೈತ ಮುಟ್ಟದವರು ರಾತ್ರಿ ಗುಳಿಗಿ ಹೆಂಗ ತಗೋಬೇಕು?"

ಮೇಡಂ ಇದನ್ನು ಎರಡು ಸಲ ಓದಿದರು. "ಇದು ಪ್ರಶ್ನಿ. ಇದಕ್ಕ ಉತ್ತರ ಹುಡಿಕ್ಯಂಡು ಬಾ" ಎಂದರು. ನಾಲ್ಕು ದಿನ ಹುಡುಕಿದೆ. ನಿಮಗೆ ಕಳಿಸಿದ ಕರಪತ್ರಗಳಲ್ಲೆಲ್ಲ "ರಾತ್ರಿ ಊಟದ ನಂತರ" ಎಂದೇ ಇದೆ. ರಾತ್ರಿ ಊಟವೇ ಮಾಡದವರು ಏನು ಮಾಡಬೇಕೆಂದು ಒಂದರಲ್ಲೂ ಇಲ್ಲ.

ಇದನ್ನು ಕೇಳಿದವರು ಯಾರು? ಬಸದಿಯ ಹಿಂದಿನ ಓಣಿಯ ಅಜ್ಜಿಯೇ? ಅವರು ಗುಳಿಗೆ ಬಿಟ್ಟುಬಿಟ್ಟಿದ್ದಾರೆಯೇ? ಯಾವ ಗುಳಿಗೆ, ಎಷ್ಟು ದಿನದಿಂದ? ಬೇಗ ಬರೆಯಿರಿ.

ನಿಮ್ಮ
ತ್ರಿಶಲಾ


ಅಕ್ಕೋಳ
9 ಜನವರಿ 2025

ತ್ರಿಶಲಾ,

ಮೂಲ ಚೀಟಿಗಳು ಇಲ್ಲ. ನಲವತ್ತೆರಡು ಪ್ರಶ್ನೆಗಳನ್ನು ನಾನೇ ಬರೆದೆ. ಹಳೆಯ ಭಾನುವಾರದ ಪುರವಣಿಗಳ ಆರೋಗ್ಯ ಅಂಕಣದಿಂದ ತೆಗೆದೆ. ಮೂರು ಮಧ್ಯಾಹ್ನ ಹಿಡಿಯಿತು.

ಇದರಲ್ಲಿ ಇಷ್ಟು ದೊಡ್ಡ ತಪ್ಪೇನು ಎಂದು ಮೊದಲು ನನಗೆ ತಿಳಿಯಲಿಲ್ಲ. ಚಿಕ್ಕೋಡಿಯಿಂದ ತಪಾಸಣೆಗೆ ಬರುತ್ತಾರೆಂದು ತಿಳಿದರೆ ಹಿಂದಿನ ದಿನ ಓದುಗರ ಹಾಜರಿ ಪುಸ್ತಕದ ಖಾಲಿ ಪುಟಗಳನ್ನು ತುಂಬಿಸಿಬಿಡುವುದು ನನಗೆ ರೂಢಿ. ನಾಲ್ಕು ಬಣ್ಣದ ಪೆನ್ನು ಇಟ್ಟುಕೊಂಡಿದ್ದೇನೆ. ಯಾರೂ ಕೇಳಿಲ್ಲ. ನಿನ್ನ ಡಬ್ಬಿ ಖಾಲಿ ಹೋಗಬಾರದು, ನಿನ್ನನ್ನು ಯಾರೂ ಆಡಿಕೊಳ್ಳಬಾರದು ಎಂದು ಬರೆದೆ. ನಿನ್ನ ಮೇಡಂ ಹತ್ತನೆಯ ಚೀಟಿಗೇ ಹಿಡಿದರಲ್ಲ, ಅವರನ್ನು ಚಿಕ್ಕೋಡಿಗೆ ಹಾಕಬೇಕಿತ್ತು.

ಇಪ್ಪತ್ತೊಂಬತ್ತನೆಯದು ನಿಜವಾದದ್ದು. ಯಾರದೆಂದು ಹೇಳುವುದಿಲ್ಲ. ಹೆಸರು ಕೇಳಬಾರದೆಂದು ನೀನೇ ಬರೆದು ಕಳಿಸಿದ್ದೀಯ, ನವೆಂಬರ್ 6ರ ಪತ್ರ. ನಿನಗಾಗಿ ನಿನ್ನ ನಿಯಮ ಮುರಿಯಲಾರೆ.

ಉತ್ತರ ಸಿಕ್ಕಿದ್ದರೆ ಕಳಿಸು. ಆ ಓದುಗರು ಕಾಯುತ್ತಿದ್ದಾರೆ.

ಸುಗಂಧಾ


ಧಾರವಾಡ
17 ಜನವರಿ 2025

ಪ್ರೀತಿಯ ಅತ್ಯಾ,

ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ನಾಲ್ಕು ಬಣ್ಣದ ಪೆನ್ನಿನ ವಿಷಯ ಓದಿ ಮೊದಲು ನಕ್ಕೆ, ಆಮೇಲೆ ಅಳು ಬಂತು. ಡಬ್ಬಿ ತುಂಬಿಸಿ ಎಂದು ಗೋಳಾಡಿದವಳು ನಾನೇ. ಮೇಡಂಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ನಲವತ್ತೆರಡನ್ನೂ ಹೊಡೆದು ಹಾಕಿದ್ದೇನೆ. ಡಬ್ಬಿಯ ಬಗ್ಗೆ ಲಗಮಪ್ಪ ಕಾಕಾ ಕೇಳಿದ್ದು ಆರೋಗ್ಯದ ಲೆಕ್ಕಕ್ಕೆ ಬರುವುದಿಲ್ಲ. ಉಳಿದದ್ದು ಒಂದು. ಮೇಡಂ, ಇಪ್ಪತ್ತೈದು ನಿಜವಾದ ಪ್ರಶ್ನೆಗಳಿದ್ದರೂ ವರದಿ ಒಪ್ಪಿಕೊಳ್ಳುತ್ತೇನೆ, ಆದರೆ ತಾರೀಖು ಒಂದು ದಿನವೂ ಮುಂದೆ ಹೋಗದು ಎಂದಿದ್ದಾರೆ. ಇನ್ನು ಆರು ವಾರ, ಇಪ್ಪತ್ತನಾಲ್ಕು ಪ್ರಶ್ನೆ.

ಅದಿರಲಿ. ಮೊದಲು ಆ ಒಂದು.

ನಿಮ್ಮ ನವೆಂಬರ್ ಪತ್ರವನ್ನು ನಿನ್ನೆ ಮತ್ತೆ ಓದಿದೆ. ಯಾಕೆ ಓದಿದೆ ಎಂದು ಹೇಳುವುದಿಲ್ಲ. ಡಿಸೆಂಬರಿನ ಪತ್ರದಲ್ಲಿ ತಲೆನೋವಿನ ಸಾಲನ್ನೂ ಓದಿದೆ. ಇವತ್ತು ಬೆಳಿಗ್ಗೆ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ ಒಂದು ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿ ಕೂತೆ. ಅಲ್ಲಿನ ಗ್ರಂಥಪಾಲಕ ಅಭಿನಂದನ ಸರ್ ನಮ್ಮ ಕಡೆಯವರೇ. ಉಪವಾಸದ ತಿಂಗಳಿನಲ್ಲಿ ಔಷಧಿಯ ಹೊತ್ತು ಹೇಗೆ ಬದಲಿಸಬೇಕೆಂದು ಬರೆದ ಲೇಖನಗಳನ್ನು ತೆಗೆದುಕೊಟ್ಟರು. ವರ್ಷಪೂರ್ತಿ ಸಂಜೆಗೇ ಊಟ ಮುಗಿಸುವವರ ಬಗ್ಗೆ ಅವರಿಗೂ ಏನೂ ಸಿಗಲಿಲ್ಲ. ಔಷಧಿ ವಿಭಾಗದವರನ್ನು ಕೇಳಿದೆವು. ಕೆಲವು ಗುಳಿಗೆಗಳ ಹೊತ್ತು ಬದಲಿಸಬಹುದು, ಕೆಲವನ್ನು ಬದಲಿಸಲು ಬರುವುದಿಲ್ಲ, ಬರೆದುಕೊಟ್ಟ ಡಾಕ್ಟರೇ ಹೇಳಬೇಕು ಎಂದರು. ಅಂದರೆ ಉತ್ತರ ಪುಸ್ತಕದಲ್ಲಿಲ್ಲ, ಡಾಕ್ಟರ ಹತ್ತಿರ ಇದೆ. ಅದನ್ನು ಹೇಗೆ ಕೇಳಬೇಕು ಎಂಬುದನ್ನಷ್ಟೇ ನಾನು ಬರೆದುಕೊಡಬಲ್ಲೆ. ಬೇರೆ ಹಾಳೆಯಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಆ ಓದುಗರಿಗೆ ತಲುಪಿಸಿ.

"ಗುಳಿಗಿ ತಾವ ಬಿಡಬ್ಯಾಡ್ರಿ. ಬಿಟ್ಟದ್ದನ್ನ ಕೂಡಿಸಿ ಒಮ್ಮೆಲೆ ನುಂಗಬ್ಯಾಡ್ರಿ. ಗುಳಿಗಿ, ಡಾಕ್ಟರ ಬರದ ಚೀಟಿ, ಈ ಹಾಳಿ ಎಲ್ಲಾ ತಗೊಂಡು ಡಾಕ್ಟರ ಕಡೆ ಹೋಗ್ರಿ. ಹೋಗಿ ಹಿಂಗ ಹೇಳ್ರಿ: ನಾ ಹೊತ್ತು ಮುಳುಗಿದ ಮ್ಯಾಲ ನೀರೂ ಕುಡ್ಯಾಂಗಿಲ್ರಿ. ಅದಕ್ಕ ರಾತ್ರಿ ಗುಳಿಗಿ ಬಿಟ್ಟೀನ್ರಿ. ಬಿಟ್ಟು ಇಷ್ಟು ದಿನ ಆತ್ರಿ. ನನ್ನ ನೇಮನೂ ಉಳೀಬೇಕು, ಗುಳಿಗಿನೂ ನಡೀಬೇಕು. ಯಾವ ಹೊತ್ತಿಗೆ ತಗೋಳ್ಲಿ?"

ಆ ಓದುಗರಿಗೆ ಇನ್ನೊಂದು ಮಾತು ಹೇಳಿ. ಅವರಿಗೆ ಯಾರಾದರೂ ಸೋದರ ಸೊಸೆ ಇದ್ದರೆ, ಅವರು ಡಾಕ್ಟರ ಹತ್ತಿರ ಹೋಗಿ ಬರುವವರೆಗೆ ಅವಳಿಗೆ ಪುಸ್ತಕ ಮುಂದೆ ಸಾಗುವುದಿಲ್ಲ.

ನಾನೂ ಒಂದು ನಿಜ ಹೇಳಿಬಿಡುತ್ತೇನೆ. ಹಾಸ್ಟೆಲಿನಲ್ಲಿ ಊಟ ಏಳೂವರೆಗೆ. ಎರಡು ವರ್ಷದಿಂದ ಉಣ್ಣುತ್ತಿದ್ದೇನೆ. ರೊಟ್ಟಿ ಮೆತ್ತಗಿರುತ್ತವೆ ಎಂದು ಬರೆದು ಮಾತು ಹಾರಿಸಿದ್ದೆ.

ನಿಮ್ಮ
ತ್ರಿಶಲಾ


ಅಕ್ಕೋಳ
3 ಫೆಬ್ರವರಿ 2025

ಚಿ. ತ್ರಿಶಲಾಳಿಗೆ,

ಆಶೀರ್ವಾದ. ಏಳೂವರೆ ಊಟದ ಬಗ್ಗೆ ಓದಿದೆ. ಎರಡು ವರ್ಷದ ಹಿಂದೆಯೇ ನನಗೆ ಅನುಮಾನವಿತ್ತು. ಹಸಿದುಕೊಂಡು ಓದು ಎಂದು ನಾನು ಹೇಳುವುದಿಲ್ಲ.

ನಿನ್ನ ಹಾಳೆಯನ್ನು ಆ ಓದುಗರಿಗೆ ಕೊಟ್ಟೆ. ಅವರು ಅದನ್ನು ಆರು ದಿನ ಪಂಚಾಂಗದೊಳಗೆ ಇಟ್ಟುಕೊಂಡಿದ್ದರು. ಏಳನೆಯ ದಿನ, ಜನವರಿ 28ರಂದು, ನಿಪ್ಪಾಣಿಗೆ ಡಾಕ್ಟರ ಹತ್ತಿರ ಹೋದರು. ನಾನೂ ಜತೆಗಿದ್ದೆ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಡಾಕ್ಟರ ಹೆಸರು ವಿಕ್ರಾಂತ, ವಯಸ್ಸು ಮೂವತ್ತರ ಮೇಲಿಲ್ಲ. ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿದರು. ಭಾರೀ ಬಿಗಿಯಾಯಿತು. ನೂರಾ ಎಪ್ಪತ್ತೆರಡು, ಕೆಳಗಿನದು ನೂರು. ಇನ್ನೊಮ್ಮೆ ನೋಡಿದರು. ಅಷ್ಟೇ ಬಂತು.

"ರಾತ್ರಿ ಗುಳಿಗಿ ನಡದಾವಿಲ್ರಿ?"

ಓದುಗರು ನಿನ್ನ ಹಾಳೆ ತೆಗೆದು ಓದಿದರು. ಬಾಯಿಪಾಠ ಆಗಿತ್ತು, ಆದರೂ ಓದಿದರು. ಕೊನೆಗೆ, "ಚಾತುರ್ಮಾಸದಾಗ ನೇಮ ಹಿಡದ್ನಿರಿ, ಅವಾಗಿಂದ ಬಿಟ್ಟೀನಿ" ಎಂದರು.

"ಆರು ತಿಂಗಳಾತಲ್ರಿ ಅಜ್ಜಿ! ಒಂದ ಮಾತು ಹೇಳಬಾರದೇನ್ರಿ?"

"ನೀವು ಕೇಳಬೇಕಿತ್ತಲ್ರಿ ಡಾಕ್ಟರ ಸಾಹೇಬ್ರ. ರಾತ್ರಿ ಊಟ ಆದಮ್ಯಾಲ ಒಂದು ಅಂತ ಬರದ್ರಿ. ನಮ್ಮ ಮನ್ಯಾಗ ರಾತ್ರಿ ಊಟನ ಇಲ್ಲ, ಆದಮ್ಯಾಲ ಅನ್ನೂದನ್ನ ಎಲ್ಲಿಂದ ತರ್ಲಿ?"

ಡಾಕ್ಟರ್ ಪೆನ್ನು ಕೆಳಗಿಟ್ಟು ನಕ್ಕರು. "ಇದನ್ನ ನಮಗ ಕಲಿಸಿಲ್ರಿ" ಎಂದರು. ಆಮೇಲೆ ನಗು ಬಿಟ್ಟು ಗುಳಿಗೆಗಳನ್ನು ಒಂದೊಂದಾಗಿ ನೋಡಿ, ಈ ಗುಳಿಗೆಯ ಹೊತ್ತು ಬದಲಿಸಲು ಬರುತ್ತದೆ ಎಂದು ಸಂಜೆ ಐದೂವರೆಗೆ, ಊಟದ ಸಂಗಡ ಎಂದು ಬರೆದುಕೊಟ್ಟರು. ಹದಿನೈದು ದಿನ ಬಿಟ್ಟು ಮತ್ತೆ ತೋರಿಸಬೇಕು. ಹೊರಗೆ ಬರುವಾಗ ಆ ಹಾಳೆಯ ಫೋಟೋ ತೆಗೆದುಕೊಳ್ಳಲೇ ಎಂದು ಕೇಳಿದರು. ತೆಗೆದುಕೊಳ್ಳಿ ಎಂದೆವು. ಅಜ್ಜಿ ಎಂದದ್ದು ಮಾತ್ರ ನನಗೆ, ಅಂದರೆ ಅವರಿಗೆ, ಸರಿ ಬರಲಿಲ್ಲ. ಐವತ್ತೆಂಟು ಏನು ಅಜ್ಜಿಯ ವಯಸ್ಸೇ?

ಮರುದಿನ ಬಸದಿಯಲ್ಲಿ ಪೂಜೆ ಮುಗಿಸಿ ಕೂತಾಗ ನಾನು ಈ ವಿಷಯ ತೆಗೆದೆ, ಯಾರ ಹೆಸರೂ ಹೇಳದೆ. ಒಬ್ಬರು, "ನಾನೂ ತಗೋಳಾಂಗಿಲ್ರಿ" ಎಂದರು. ಇನ್ನೊಬ್ಬರು ರಾತ್ರಿಯ ಗುಳಿಗೆಯಲ್ಲಿ ಅರ್ಧವನ್ನು ಬೆಳಗಿನದಕ್ಕೆ ಕೂಡಿಸಿ ನುಂಗುತ್ತಾರಂತೆ. ಒಟ್ಟು ಐದು ಜನ. ಎಲ್ಲರಿಗೂ ನಿನ್ನ ಹಾಳೆಯ ಪ್ರತಿ ಕೊಟ್ಟು, ಡಾಕ್ಟರ ಹತ್ತಿರ ಹೋಗಲು ಹೇಳಿದೆ. ಬೇರೇನೂ ಹೇಳಲಿಲ್ಲ, ನಾಲಿಗೆ ಕಚ್ಚಿ ಹಿಡಿದೆ.

ಆ ಮೇಲೆ ಹಿಂದಿನ ಕೋಣೆಗೆ ಜನ ಬರತೊಡಗಿದ್ದಾರೆ. ಹದಿನಾಲ್ಕು ಚೀಟಿ ಇಟ್ಟಿದ್ದೇನೆ. ಒಂದಕ್ಷರವನ್ನೂ ತಿದ್ದಿಲ್ಲ. ತಿದ್ದಬೇಕೆಂದು ಕೈ ಬಹಳ ತುರಿಸಿತು.

"ಗಂಡಂದು ಸಕ್ಕರಿ ರಿಪೋರ್ಟ ಬಂದೈತಿ. ಓದಾಕ ಬರೂದಿಲ್ಲ. ಚಲೋ ಬಂದೈತೋ ಕೆಟ್ಟ ಬಂದೈತೋ?"

"ಮೊಣಕಾಲ ಆಪರೇಶನ್ ಮಾಡ್ಸಿದ ಮ್ಯಾಲ ಬಸದಿ ಮೆಟ್ಲ ಹತ್ತಾಕ ಆಗ್ತೈತೇನ್ರಿ?"

"ಪೇಪರ ಓದೂ ಮುಂದ ಅಕ್ಷರ ಎರಡೆರಡ ಕಾಣ್ತಾವು. ಕಣ್ಣಿಂದು ತಪ್ಪೋ, ಪ್ರೆಸ್ಸಿಂದೋ?" ಇದಕ್ಕೆ ಸಹಿ ಇಲ್ಲ. ಇದ್ದಿದ್ದರೂ ನಾನು ನೋಡುತ್ತಿರಲಿಲ್ಲ.

ಸುಗಂಧಾ ಅತ್ಯಾ


ಧಾರವಾಡ
19 ಫೆಬ್ರವರಿ 2025

ಪ್ರೀತಿಯ ಅತ್ಯಾ,

ಹದಿನಾಲ್ಕಕ್ಕೂ ಉತ್ತರ ಕಳಿಸಿದ್ದೇನೆ. ಡಬ್ಬಿಯ ಪಕ್ಕ ಇಡಿ, ಕೇಳಿದವರು ತಾವೇ ತೆಗೆದುಕೊಳ್ಳಲಿ. ಅಕ್ಷರ ಎರಡೆರಡು ಕಾಣುವವರು ತಡಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಲಿ, ಪ್ರೆಸ್ಸಿನವರದು ತಪ್ಪಿಲ್ಲ. ಸಕ್ಕರೆ ರಿಪೋರ್ಟ್ ಕೇಳಿದ ಅಕ್ಕನಿಗೆ ಯಾವ ಅಂಕಿ ಏನನ್ನು ಹೇಳುತ್ತದೆ ಎಂಬ ಚಿತ್ರ ಬರೆದಿದ್ದೇನೆ. ಮುಟ್ಟಿನ ದಿನ ಮಗಳು ಶಾಲೆಗೆ ಹೋಗುವುದಿಲ್ಲ ಎಂದು ಬರೆದ ತಾಯಿಗೆ ಉತ್ತರವನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿದ್ದೇನೆ.

ಕಳೆದ ವಾರ ನೀವು ಕಳಿಸಿದ ಆರೂ ಸೇರಿ ಈಗ ಇಪ್ಪತ್ತೊಂದು. ಇನ್ನು ನಾಲ್ಕು. ಒಂಬತ್ತು ದಿನ ಉಳಿದಿವೆ. ನಿನ್ನೆ ರೋಹನ, "ನಾಲ್ಕ ಅಲ್ಲಾ? ನನ್ನ ಕಾಗವಾಡದಾವು ಹೆಚ್ಚಾಗ್ಯಾವು, ತಗೊಂಬಿಡು" ಎಂದ. ಬೇಡ ಎಂದೆ. ನಿಮಗೂ ಅದನ್ನೇ ಹೇಳುತ್ತೇನೆ ಅತ್ಯಾ. ಬರದಿದ್ದರೆ ಇಪ್ಪತ್ತೊಂದಕ್ಕೆ ನಿಲ್ಲಲಿ, ವರ್ಷ ಹೋದರೆ ಹೋಗಲಿ. ನಾಲ್ಕು ಬಣ್ಣದ ಪೆನ್ನು ಮುಟ್ಟಬೇಡಿ.

ಆ ಓದುಗರು ಮತ್ತೆ ಡಾಕ್ಟರಿಗೆ ತೋರಿಸಿಕೊಂಡು ಬಂದರೇ?

ನಿಮ್ಮ
ತ್ರಿಶಲಾ


ಅಕ್ಕೋಳ
24 ಫೆಬ್ರವರಿ 2025

ಚಿ. ತ್ರಿಶಲಾಳಿಗೆ,

ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ, ಆದ್ದರಿಂದ ಚುಟುಕಾಗಿ ಬರೆಯುತ್ತೇನೆ.

ನಾಲ್ಕು ದಿನ ಡಬ್ಬಿಗೆ ಒಂದೂ ಬೀಳಲಿಲ್ಲ. ಬರೆಯಬಲ್ಲವರೆಲ್ಲ ಬರೆದು ಮುಗಿಸಿದ್ದಾರೆ ಎನಿಸಿತು. ಹಾಗಾದರೆ ಬರೆಯಲು ಬಾರದವರು, ಬರೆಯಲು ಕೈ ಬಿಡುವಿಲ್ಲದವರು ಏನು ಮಾಡಬೇಕು? ನಿನ್ನೆ ಭಾನುವಾರ ಗ್ರಂಥಾಲಯ ಮುಚ್ಚಿದ ಮೇಲೆ ಚೀಟಿ ತೆಗೆದುಕೊಂಡು ಲಕ್ಷ್ಮಿಬಾಯಿಯ ಪಡಸಾಲೆಗೆ ಹೋದೆ. ಅಲ್ಲಿ ಏಳೆಂಟು ಹೆಂಗಸರು ಕೂತು ಬೀಡಿ ಕಟ್ಟುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಅವರಲ್ಲಿ ಒಬ್ಬರೂ ಗ್ರಂಥಾಲಯದ ಹೊಸ್ತಿಲು ದಾಟಿಲ್ಲ. ನಾನೂ ಅವರ ಹೊಸ್ತಿಲು ದಾಟಿರಲಿಲ್ಲ.

"ಬರ್ರಿ ಅಕ್ಕಾರ, ನಮ್ಮ ಪೈಕಿ ಯಾರು ಪುಸ್ತಕ ಕದ್ದಾರ್ರಿ?" ಎಂದು ಲಕ್ಷ್ಮಿಬಾಯಿ ನಕ್ಕಳು.

ಕೂತೆ. ಕಿವಿಯ ಯಂತ್ರದ ಸೆಲ್ಲು ಹೊಸದು ಹಾಕಿಕೊಂಡಿದ್ದೆ. ನೀನು ಬರೆದಿದ್ದೆಯಲ್ಲ, ನಾನು ಕೇಳುವವರಿಗಿಂತ ಹೆಚ್ಚು ಹೇಳುವವಳೆಂದು. ನಿನ್ನೆ ಒಂದು ತಾಸು ಬಾಯಿ ತೆರೆಯಲಿಲ್ಲ. ಮೊದಲು ಸೊಸೆಯಂದಿರ ಮಾತು ಬಂತು, ಆಮೇಲೆ ಬೀಡಿ ಎಲೆಯ ಮಾತು. ಆಮೇಲೆ ಲಕ್ಷ್ಮಿಬಾಯಿ ತಲೆ ಎತ್ತದೆ ಎಲೆ ಸುತ್ತುತ್ತಲೇ, "ತಂಬಾಖೂಚಿ ಧೂಳ ನಾಕಾತ ಜಾತೆ, ಕಾಯ ಕರೂ?" ಎಂದಳು. ತಂಬಾಕಿನ ಧೂಳು ಮೂಗಿಗೆ ಹೋಗುತ್ತದೆ, ಏನು ಮಾಡಲಿ ಎಂದು. ಮರಾಠಿಯಲ್ಲೇ ಬರೆದುಕೊಂಡೆ. ಪಕ್ಕದವಳು, "ನನಗ ಕೆಮ್ಮ ಐತಿ. ಬೀಡಿ ಕಟ್ಟೂದ್ರಿಂದ ಬಂತೋ, ಮೊದಲ ಇತ್ತೋ, ಹೆಂಗ ತಿಳೀಬೇಕು?" ಎಂದಳು. ಹಾಗೆ ಐದು ಬಂದವು. ಎಲ್ಲವನ್ನೂ ಅವರಿಗೆ ಓದಿ ಹೇಳಿದೆ. ಒಬ್ಬಳು, "ಹೆಬ್ಬೆಟ್ಟ ಒತ್ತಬೇಕೇನ್ರಿ?" ಎಂದಳು. ಬೇಡವ್ವ, ಏನೂ ಒತ್ತಬೇಡ ಎಂದೆ.

ಇಪ್ಪತ್ತೊಂದು ಮತ್ತು ಐದು, ಇಪ್ಪತ್ತಾರು. ಎಣಿಸಿಕೋ.

ಆ ಓದುಗರದು ಈಗ ನೂರಾ ನಲವತ್ತೆರಡು, ತೊಂಬತ್ತು. ಇನ್ನೂ ಇಳಿಯಬೇಕೆಂದರು. ತಲೆನೋವು ಇಲ್ಲ. ಟ್ರ್ಯಾಕ್ಟರಿನ ಹಾಡು ಇದೆ.

ಸುಗಂಧಾ ಅತ್ಯಾ


ಧಾರವಾಡ
29 ಮಾರ್ಚ್ 2025

ಪ್ರೀತಿಯ ಅತ್ಯಾ,

ಪಾಸಾದೆ! ನಿನ್ನೆ ಮೌಖಿಕ ಪರೀಕ್ಷೆ ಮುಗಿಯಿತು. ಇವತ್ತು ಮೇಡಂ ಕರೆದು ಹೇಳಿದರು.

ನೀವು ಬರೆದ ನಲವತ್ತೆರಡು ಪ್ರಶ್ನೆಗಳನ್ನು ನಾನು ಎಸೆಯಲಿಲ್ಲ. "ಗ್ರಂಥಾಲಯ ತನಗೆ ತಾನೇ ಕೇಳಿಕೊಂಡ ಪ್ರಶ್ನೆಗಳು" ಎಂದು ತಲೆಬರಹ ಕೊಟ್ಟು, ಯಾರು ಬರೆದರೆಂದು ಹೇಳದೆ, ಕೊನೆಯಲ್ಲಿ ಸೇರಿಸಿದೆ. ಪಕ್ಕದಲ್ಲಿ ಜನ ನಿಜವಾಗಿ ಕೇಳಿದ ಇಪ್ಪತ್ತಾರು. ಹೊರಗಿನಿಂದ ಬಂದ ಪರೀಕ್ಷಕರು ಆ ಎರಡು ಪುಟಗಳನ್ನು ಎದುರು ಬದುರು ಇಟ್ಟು ಬಹಳ ಹೊತ್ತು ನೋಡಿದರು. ಬೇರೆ ಪುಟ ಹೆಚ್ಚು ತಿರುವಲಿಲ್ಲ.

ಆಮೇಲೆ, "ಈ ರಾತ್ರಿ ಗುಳಿಗೆಯ ಪ್ರಶ್ನೆ ಕೇಳಿದವರು ಯಾರು?" ಎಂದರು.

"ಹೆಸರು ಬರೆದುಕೊಂಡಿಲ್ಲ ಸರ್."

"ಬರೆದುಕೊಂಡಿಲ್ಲ ಸರಿ. ಗೊತ್ತಿಲ್ಲವೋ?"

ಮೇಡಂ ಕಿಟಕಿಯ ಕಡೆ ನೋಡುತ್ತಿದ್ದರು.

"ಹೇಳೂದಿಲ್ರಿ ಸರ್" ಎಂದೆ. ಪುಸ್ತಕದ ಕನ್ನಡ ಬಾಯಿಗೆ ಬರಲೇ ಇಲ್ಲ. ಅವರು ನಕ್ಕು ವರದಿ ಮುಚ್ಚಿದರು. ಇನ್ನೊಂದು ಪ್ರಶ್ನೆಯನ್ನೂ ಕೇಳಲಿಲ್ಲ.

ನಿಮ್ಮ
ತ್ರಿಶಲಾ


ಅಕ್ಕೋಳ
7 ಏಪ್ರಿಲ್ 2025

ಚಿ. ತ್ರಿಶಲಾಳಿಗೆ,

ಅನೇಕ ಆಶೀರ್ವಾದಗಳು. ನಿನ್ನ ಪತ್ರವನ್ನು ಬಸದಿಯಲ್ಲಿ ಓದಿ ಹೇಳಿದೆ, ಪಡಸಾಲೆಯಲ್ಲೂ ಓದಿ ಹೇಳಿದೆ. ಲಕ್ಷ್ಮಿಬಾಯಿ ತನ್ನ ಪ್ರಶ್ನೆಗೆ ಎಷ್ಟು ಅಂಕ ಬಿತ್ತು ಎಂದು ಕೇಳಿದಳು. ಪೂರಾ ಬಿತ್ತು ಎಂದೆ.

ನಿಪ್ಪಾಣಿಯ ಡಾಕ್ಟರು ಈಗ ನಮ್ಮ ಕಡೆಯಿಂದ ಹೋದವರಿಗೆಲ್ಲ ಮೊದಲು, "ಸಂಜಿ ಊಟ ಎಷ್ಟಕ್ಕ ಆಗ್ತೈತ್ರಿ?" ಎಂದು ಕೇಳಿ ಆಮೇಲೆ ಚೀಟಿ ಬರೆಯುತ್ತಾರಂತೆ. ಅಜ್ಜಿ ಎನ್ನುವುದನ್ನು ಮಾತ್ರ ಬಿಟ್ಟಿಲ್ಲ.

ನೀನು ಪರೀಕ್ಷಕರ ಮುಂದೆ ಬಾಯಿ ಬಿಡಲಿಲ್ಲ ಎಂದು ಓದಿದಾಗ ನನಗೆ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು. ಮನೆಯ ಹುಡುಗಿಗೆ ಹೇಳಬೇಕಾದ ಮಾತನ್ನು ಡಬ್ಬಿಗೆ ಹಾಕಿ, ನಲವತ್ತೆರಡು ಸುಳ್ಳಿನ ನಡುವೆ ಮುಚ್ಚಿ ಕಳಿಸಿದವರು ಎಂಥವರಿರಬೇಕು? ನಿಮ್ಮಪ್ಪನಿಗೆ ತಿಳಿದರೆ ಬೈಯುತ್ತಾನೆ, ನೇಮ ಬಿಡಿಸುತ್ತಾನೆ ಎಂಬ ಹೆದರಿಕೆ ಅವರಿಗಿತ್ತು. ನೀನು ಬೈಯಲೂ ಇಲ್ಲ, ಬಿಡಿಸಲೂ ಇಲ್ಲ.

ಇದರ ಜತೆ ಒಂದು ಚೀಟಿ ಇದೆ. ಇದು ಡಬ್ಬಿಯಿಂದ ಬಂದದ್ದಲ್ಲ. ನಿನ್ನ ಪರೀಕ್ಷೆ ಮುಗಿದಿದೆ, ಇದು ಯಾವ ಲೆಕ್ಕಕ್ಕೂ ಬೇಡ. ಆದರೂ ಉತ್ತರ ಬೇಕು.

"ಈಗ ಗುಳಿಗಿ ಐದೂವರೆಕ್ಕ ಊಟದ ಸಂಗಡ ನಡದೈತಿ. ಬ್ಯಾಸಗ್ಯಾಗ ಹೊತ್ತು ಏಳರ ತನಕ ಇರ್ತೈತಿ, ಊಟನೂ ಮುಂದ ಹೋಗ್ತೈತಿ. ಗುಳಿಗಿನೂ ಮುಂದ ಹೋಗ್ಬೇಕೋ, ಐದೂವರೆಕ್ಕ ನಿಲ್ಲಬೇಕೋ? ಡಾಕ್ಟರಿಗೆ ಹೆಂಗ ಕೇಳ್ಲಿ, ಬರದ ಕಳಸು.

ಕೇಳಿದವರು: ಸುಗಂಧಾ ಮಗದುಮ್ಮ, ಅಕ್ಕೋಳ."